ಜಿಗಿಹುಳುವಿನ ಊರು ಯಾವುದು?

ಚಳಿಗಾಲದ ಜಪಾನಿನಲ್ಲಿ ಕಂದು ಜಿಗಿಹುಳು ಬದುಕಿ ಉಳಿಯುವುದಿಲ್ಲ. ಭತ್ತದ ಕೊಯ್ಲಾಗಿ, ಕೂಳೆ ಒಣಗಿ, ಚಳಿ ಇಳಿದ ಮೇಲೆ ಅದಕ್ಕೆ ಹೀರಲು ರಸವಿಲ್ಲ. ಮೊಟ್ಟೆಯಾಗಿಯೋ ಮರಿಯಾಗಿಯೋ ಮಲಗಿ ಚಳಿ ಕಳೆಯುವ ವಿದ್ಯೆಯೂ ಅದಕ್ಕಿಲ್ಲ. ಆದರೂ ಜೂನ್ ಮುಗಿದು ಜುಲೈ ಬರುವಷ್ಟರಲ್ಲಿ, ಅಲ್ಲಿನ ಮಳೆಗಾಲದ ಮೋಡದ ಜೊತೆಗೇ, ಹೊಸದಾಗಿ ನಾಟಿಯಾದ ಗದ್ದೆಗಳಲ್ಲಿ ಅದು ಹಾಜರಾಗುತ್ತದೆ. ಮೊದಮೊದಲು ಹುಡುಕಿದರೂ ಸಿಗದಷ್ಟು ವಿರಳ. ಎರಡು ಮೂರು ತಲೆಮಾರು ಕಳೆದು ತೆನೆ ಬಲಿಯುವ ಹೊತ್ತಿಗೆ ಗದ್ದೆಯ ನಡುವೆ ಬೆಂಕಿ ಬಿದ್ದು ಆರಿದಂಥ ದುಂಡನೆಯ ಕಲೆಗಳು.

ಆ ಕಲೆಗಳನ್ನು ಗಂಗಾವತಿ, ಸಿರುಗುಪ್ಪ, ಸಿಂಧನೂರಿನ ರೈತರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಪೈರಿನ ಬುಡದಲ್ಲಿ, ನೀರಿನ ಮಟ್ಟಕ್ಕೆ ತುಸು ಮೇಲೆ, ನಾಲ್ಕೈದು ಮಿಲಿಮೀಟರಿನ ಕಂದು ಹುಳುಗಳು ಒತ್ತಾಗಿ ಕೂತು ತೆಂಡೆಯ ರಸ ಹೀರುತ್ತವೆ. ಮೇಲಿನಿಂದ ನೋಡಿದರೆ ಬೆಳೆ ಹಸಿರಾಗಿಯೇ ಕಾಣುತ್ತಿರುತ್ತದೆ. ಕಾಣದಾದಾಗ ಕಾಲ ಮೀರಿರುತ್ತದೆ. ಕೀಟಶಾಸ್ತ್ರದ ಪುಸ್ತಕಗಳಲ್ಲಿ ಇದರ ಹೆಸರು ನೀಲಪರ್ವತ ಲುಗೆನ್ಸ್. ಸಂಸ್ಕೃತದಂತೆ ಕೇಳಿಸುವ ಈ ಹೆಸರು ಹುಳುವಿಗೆ ಅಂಟಿಕೊಂಡದ್ದು ಹೇಗೆಂಬ ಕುತೂಹಲವನ್ನು ಬದಿಗಿಟ್ಟು, ಅದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಹೋಗೋಣ.

ಜಪಾನೀಯರಿಗೆ ಈ ಪ್ರಶ್ನೆ ಹೊಟ್ಟೆಪಾಡಿನದಾಗಿತ್ತು. 1732ರಲ್ಲಿ ಪಶ್ಚಿಮ ಜಪಾನಿನ ಭತ್ತವನ್ನು ಜಿಗಿಹುಳುಗಳು ಹಾಳುಗೆಡವಿ ದೊಡ್ಡ ಕ್ಷಾಮ ಬಂತು. ಕ್ಯೋಹೋ ಕ್ಷಾಮವೆಂದು ಅದು ಅಲ್ಲಿನ ಚರಿತ್ರೆಯಲ್ಲಿ ದಾಖಲಾಗಿದೆ. ಆ ಕಾಲದ ರೈತರು ಗದ್ದೆಯ ನೀರಿನ ಮೇಲೆ ತಿಮಿಂಗಿಲದ ಎಣ್ಣೆ ಸುರಿದು, ಪೈರನ್ನು ಬಡಿದು ಹುಳುಗಳನ್ನು ಎಣ್ಣೆಗೆ ಬೀಳಿಸುತ್ತಿದ್ದರು. ಬುಡದಲ್ಲಿ ಕೂರುವ ಹುಳುವಿಗೆ ಇದಕ್ಕಿಂತ ಜಾಣ ಮದ್ದು ಆಗ ಇರಲಿಲ್ಲ. ಆದರೆ ಮುಂದಿನ ವರ್ಷ ಅದು ಮತ್ತೆ ಬರುತ್ತಿದ್ದುದು ಎಲ್ಲಿಂದ? ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಕೀಟತಜ್ಞರಲ್ಲಿ ಎರಡು ಪಂಗಡ. ಎಲ್ಲೋ ಕಳೆಹುಲ್ಲಿನಲ್ಲಿ ಅವಿತು ಚಳಿಗಾಲ ಕಳೆಯುತ್ತದೆ ಎನ್ನುವವರು ಒಂದು ಕಡೆ, ಹೊರಗಿನಿಂದ ಬರುತ್ತದೆ ಎನ್ನುವವರು ಇನ್ನೊಂದು ಕಡೆ. ಹೊರಗೆ ಎಂದರೆ ಸಮುದ್ರ. ಉಗುರಿನಷ್ಟೂ ಇಲ್ಲದ ಹುಳು ಸಮುದ್ರ ದಾಟುತ್ತದೆಂದು ಒಪ್ಪಲು ಎರಡನೆಯ ಪಂಗಡದವರಿಗೇ ಸಂಕೋಚವಿದ್ದಿರಬೇಕು.

1967ರ ಜುಲೈನಲ್ಲಿ ಜಪಾನಿನ ದಕ್ಷಿಣಕ್ಕೆ ಸುಮಾರು 500 ಕಿಲೋಮೀಟರ್ ದೂರದ ನಡುಗಡಲಿನಲ್ಲಿ ‘ಒಜಿಕಾ’ ಎಂಬ ಹವಾಮಾನ ವೀಕ್ಷಣೆಯ ಹಡಗು ನಿಂತಿತ್ತು. ಅದರ ಸುತ್ತ ಸಣ್ಣ ಹುಳುಗಳ ದಂಡು ಹಾರಾಡಿತು. ಹಿಡಿದು ನೋಡಿದರೆ ಭತ್ತದ ಜಿಗಿಹುಳುಗಳು. ಹೆಚ್ಚಿನವು ಕಂದು ಹುಳುವಿನ ದಾಯಾದಿಯಾದ ಬಿಳಿಬೆನ್ನಿನ ಜಿಗಿಹುಳು, ಜೊತೆಯಲ್ಲಿ ಕಂದು ಹುಳುವೂ ಇತ್ತು. ಎಲ್ಲ ದಿಕ್ಕಿನಲ್ಲೂ ಬರೀ ನೀರು. ಅವು ಹಾರಿಯೇ ಬಂದಿರಬೇಕು. ಆಮೇಲೆ ರ್‍ಯೋಯಿಚಿ ಕಿಸಿಮೊಟೊ ಮತ್ತು ಸಂಗಡಿಗರು ಪೂರ್ವ ಚೀನಾ ಸಮುದ್ರದ ಹಡಗುಗಳಲ್ಲಿ ಬಲೆ ಕಟ್ಟಿ ಹುಳು ಹಿಡಿದರು, ಹಿಡಿದ ದಿನಗಳನ್ನು ಹವಾಮಾನ ನಕಾಶೆಗಳ ಪಕ್ಕ ಇಟ್ಟು ನೋಡಿದರು. ಮಳೆಗಾಲದ ಮೋಡದ ಪಟ್ಟಿಯ ದಕ್ಷಿಣ ಅಂಚಿನಲ್ಲಿ, ನೈಋತ್ಯದಿಂದ ಬೀಸುವ ಬಲವಾದ ಗಾಳಿಯ ಬೆನ್ನೇರಿ ಹುಳು ಬರುತ್ತಿತ್ತು. ಚೀನಾದ ತೀರ ಬಿಟ್ಟು ಒಂದು, ಒಂದೂವರೆ ದಿನದಲ್ಲಿ ಜಪಾನಿನ ಕ್ಯೂಶು ದ್ವೀಪದ ಗದ್ದೆ.

ಈ ಹುಳುವಿನ ಬದುಕಿನಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು ಸಮುದ್ರ ದಾಟುವ ಸಾಹಸವಲ್ಲ, ಹೊರಡುವ ತೀರ್ಮಾನ. ಕಂದು ಜಿಗಿಹುಳುವಿನಲ್ಲಿ ಎರಡು ಬಗೆಯ ಪ್ರೌಢ ಹುಳುಗಳಿವೆ. ಒಂದಕ್ಕೆ ಮೋಟು ರೆಕ್ಕೆ. ಅದು ಹಾರಲಾರದು, ಆದರೆ ಬೇಗ ಮೊಟ್ಟೆಯಿಡಲು ತೊಡಗುತ್ತದೆ, ಹೆಚ್ಚು ಇಡುತ್ತದೆ. ಇನ್ನೊಂದಕ್ಕೆ ಮೈಯನ್ನು ಮೀರಿ ಚಾಚಿದ ಉದ್ದ ರೆಕ್ಕೆ. ಒಂದೇ ತಾಯಿಯ ಮರಿಗಳು ಎರಡರಲ್ಲಿ ಯಾವುದಾದರೂ ಆಗಬಹುದು. ಮರಿ ಬೆಳೆಯುವಾಗ ಪೈರು ಎಳಸಾಗಿದ್ದು, ಜಾಗ ವಿಶಾಲವಾಗಿದ್ದರೆ ಮೋಟು ರೆಕ್ಕೆ. ಒತ್ತು ಹೆಚ್ಚಿ, ಪೈರು ಹಣ್ಣಾಗತೊಡಗಿದರೆ ಉದ್ದ ರೆಕ್ಕೆ. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದವರು ಇದರ ಒಳಗುಟ್ಟನ್ನು 2015ರಲ್ಲಿ ಬಿಡಿಸಿದರು. ನಮ್ಮ ಮೈಯಲ್ಲಿ ಸಕ್ಕರೆಯ ಲೆಕ್ಕ ನೋಡುವ ಇನ್ಸುಲಿನ್ ಇದೆಯಲ್ಲ, ಅದರಂಥದೇ ಸಂದೇಶವಾಹಕ ಹುಳುವಿನಲ್ಲೂ ಇದೆ. ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಎರಡು. ಒಂದು ಗ್ರಾಹಕ ಮೇಲುಗೈಯಾದರೆ ರೆಕ್ಕೆ ಉದ್ದವಾಗುತ್ತದೆ. ಇನ್ನೊಂದು ಅದನ್ನು ಅದುಮಿ ಹಿಡಿದರೆ ರೆಕ್ಕೆ ಮೋಟಾಗುತ್ತದೆ. ಮೊದಲನೆಯದರ ಜೀನ್ ಬಾಯಿ ಕಟ್ಟಿದಾಗ ಮರಿಗಳೆಲ್ಲ ಮೋಟು ರೆಕ್ಕೆಯವಾದವು, ಎರಡನೆಯದನ್ನು ಕಟ್ಟಿದಾಗ ಉದ್ದ ರೆಕ್ಕೆಯವಾದವು. 2018ರಲ್ಲಿ ಇನ್ನೊಂದು ತಂಡ ಮುಂದಿನ ಎಳೆ ಹಿಡಿಯಿತು: ಹಣ್ಣಾಗುತ್ತಿರುವ ಪೈರಿನಲ್ಲಿ ಗ್ಲೂಕೋಸ್ ಹೆಚ್ಚಿರುತ್ತದೆ, ಆ ಗ್ಲೂಕೋಸೇ ಮರಿಗಳನ್ನು ಉದ್ದ ರೆಕ್ಕೆಯ ಕಡೆಗೆ ತಳ್ಳುತ್ತದೆ. ಊರು ಬಿಡುವ ಸಮಯ ಬಂತೆಂದು ಹುಳುವಿಗೆ ತಿಳಿಸುವುದು ಅದು ಕುಡಿಯುವ ರಸದ ಸಿಹಿಯೇ.

ಉದ್ದ ರೆಕ್ಕೆ ಬಂದ ಹುಳು ಮುಸ್ಸಂಜೆಯಲ್ಲಿ, ಕೆಲವೊಮ್ಮೆ ನಸುಕಿನಲ್ಲಿ, ಪೈರಿನ ತುದಿಗೆ ಏರಿ ಮೇಲಕ್ಕೆ ಹಾರುತ್ತದೆ. ತನ್ನ ಬಲದಿಂದ ಅದು ಹೋಗಬಲ್ಲ ವೇಗ ಮನುಷ್ಯನ ನಡಿಗೆಯಷ್ಟೂ ಇಲ್ಲ. ಹಾಗಾಗಿ ದಿಕ್ಕು ಆರಿಸುವುದು ಗಾಳಿ; ಹುಳು ಆರಿಸುವುದು ಹೊರಡುವ ಗಳಿಗೆಯನ್ನಷ್ಟೆ. 1988ರಲ್ಲಿ ಬ್ರಿಟನ್ನಿನ ಜೋ ರೈಲಿ ಮತ್ತು ಚೀನಾದ ವಿಜ್ಞಾನಿಗಳು ನಾನ್‌ಜಿಂಗ್ ಬಳಿ ರೇಡಾರ್ ಹೂಡಿ ಶರತ್ಕಾಲದ ರಾತ್ರಿಗಳ ಆಕಾಶವನ್ನು ನೋಡಿದರು. ಹುಳುಗಳು ನೆಲದಿಂದ 400ರಿಂದ 1000 ಮೀಟರ್ ಎತ್ತರದಲ್ಲಿ ಪದರ ಕಟ್ಟಿ ಹೋಗುತ್ತಿದ್ದವು. ಆ ಪದರಕ್ಕೆ ಮೇಲೊಂದು ಮಿತಿಯಿತ್ತು: ಗಾಳಿಯ ಉಷ್ಣತೆ 16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಎತ್ತರ. ಅದಕ್ಕಿಂತ ತಣ್ಣಗಿನ ಗಾಳಿಯಲ್ಲಿ ರೆಕ್ಕೆ ಬಡಿಯಲಾಗದು. ಮುಖ್ಯವಾದದ್ದು, ಆ ಹುಳುಗಳು ಹೋಗುತ್ತಿದ್ದ ದಿಕ್ಕು. ಅವು ನೈಋತ್ಯಕ್ಕೆ, ಅಂದರೆ ಚಳಿಗಾಲದಲ್ಲೂ ಭತ್ತ ಹಸಿರಿರುವ ನಾಡಿನ ಕಡೆಗೆ ಹೊರಟಿದ್ದವು. ಜಪಾನಿಗೆ ಹೋದವು ಬಹುಪಾಲು ಹೋದ ಹಾಗೆಯೇ. ಆ ದ್ವೀಪಗಳಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಚಳಿಗಾಲವೇ ಕೊನೆ. ಚೀನಾದ ಮುಖ್ಯಭೂಮಿಯಲ್ಲಿ ಮಾತ್ರ ಒಂದು ಪಾಲು ಹಿಂತಿರುಗುತ್ತದೆ. ವಲಸೆಯ ಸ್ವಭಾವವನ್ನು ನಿಸರ್ಗ ಅಳಿಸಿಹಾಕದೆ ಉಳಿಸಿಕೊಂಡಿರುವುದು ಈ ಮರುಪ್ರಯಾಣದಿಂದ ಎಂಬ ವಾದ ನನಗೆ ಸರಿಯೆನಿಸುತ್ತದೆ. ಹೋದವರು ಯಾರೂ ಬಾರದಿದ್ದರೆ, ಹೋಗುವ ಚಪಲವೇ ವಂಶದಲ್ಲಿ ಉಳಿಯುತ್ತಿರಲಿಲ್ಲ.

 

ಸರಿ, ಚೀನಾದಿಂದ ಜಪಾನಿಗೆ ಬರುತ್ತದೆ. ಆದರೆ ಚೀನಾದ ಬಹುಭಾಗದಲ್ಲೂ ಅದು ಚಳಿಗಾಲ ಕಳೆಯಲಾರದು. ಹೈನಾನ್ ದ್ವೀಪ, ದಕ್ಷಿಣದ ಅಂಚಿನ ಕೆಲವು ಜಾಗ ಬಿಟ್ಟರೆ ಅಲ್ಲೂ ಪ್ರತಿ ವಸಂತದಲ್ಲಿ ಹೊಸದಾಗಿಯೇ ಬರಬೇಕು. ಹಾಗಾದರೆ ಮೂಲ ಯಾವುದು? ನಕಾಶೆ ನೋಡಿದವರಿಗೆ ಎರಡು ಉತ್ತರ ಕಾಣುತ್ತಿತ್ತು. ನೈಋತ್ಯಕ್ಕೆ ವಿಯೆಟ್ನಾಂ, ಲಾವೋಸ್, ಥಾಯ್ಲೆಂಡ್ ಸೇರಿದ ಇಂಡೋಚೀನಾ, ಆಗ್ನೇಯಕ್ಕೆ ಫಿಲಿಪ್ಪೀನ್ಸ್. ಎರಡೂ ಕಡೆ ವರ್ಷವಿಡೀ ಭತ್ತವಿದೆ, ವರ್ಷವಿಡೀ ಜಿಗಿಹುಳುವಿದೆ.

ಮೊದಲ ಸುಳಿವು ಸಿಕ್ಕಿದ್ದು ಹುಳುವಿನ ಬಾಯಿರುಚಿಯಲ್ಲಿ. ಜಪಾನಿನವರು ವರ್ಷವರ್ಷವೂ ಬಂದಿಳಿದ ಹುಳುಗಳನ್ನು ಹಿಡಿದು, ನಿರೋಧಕ ಜೀನಿರುವ ಭತ್ತದ ಸಸಿಗಳ ಮೇಲೆ ಬಿಟ್ಟು ನೋಡುತ್ತಿದ್ದರು. 1980ರ ದಶಕದ ಕೊನೆಯವರೆಗೂ ಆ ಹುಳುಗಳು ಬಿಪಿಎಚ್1 ಎಂಬ ಜೀನಿರುವ ಸಸಿಗಳನ್ನು ಸಹಿಸುತ್ತಿರಲಿಲ್ಲ. ಆಮೇಲೆ, ಜಪಾನಿನಲ್ಲಿ ಅಂಥ ಭತ್ತವನ್ನು ಯಾರೂ ಬೆಳೆಯದಿದ್ದರೂ, ಬಂದಿಳಿಯುವ ಹುಳುಗಳು ಅದನ್ನು ಹೀರಿ ದಕ್ಕಿಸಿಕೊಳ್ಳತೊಡಗಿದವು. ಆ ಜೀನಿನ ಭತ್ತವನ್ನು ಬೆಳೆಯುತ್ತಿದ್ದುದು ವಿಯೆಟ್ನಾಂ. ಅಲ್ಲಿ ಕಲಿತ ಪಾಠವನ್ನು ಹುಳು ಕ್ಯೂಶುವಿನಲ್ಲಿ ಒಪ್ಪಿಸುತ್ತಿತ್ತು.

ಎರಡನೆಯ ಸುಳಿವು ಔಷಧಿ ಅಂಗಡಿಯದು. ಇಮಿಡಾಕ್ಲೋಪ್ರಿಡ್ ನಮ್ಮ ಹಳ್ಳಿಗಳಲ್ಲೂ ಮನೆಮಾತಾದ ಔಷಧಿ; 1990ರ ದಶಕದಲ್ಲಿ ಬಂದಾಗ ಜಿಗಿಹುಳುವಿಗೆ ಅದು ರಾಮಬಾಣವಾಗಿತ್ತು. ಹತ್ತೇ ವರ್ಷ. 2005ರ ಆಸುಪಾಸಿಗೆ ವಿಯೆಟ್ನಾಂ, ಚೀನಾ, ಜಪಾನುಗಳ ಹುಳುಗಳು ಒಟ್ಟೊಟ್ಟಿಗೆ ಅದಕ್ಕೆ ಜಗ್ಗದಾದವು. ಫಿಲಿಪ್ಪೀನ್ಸಿನ ಹುಳುಗಳು ಮಾತ್ರ ಹಿಂದಿನಂತೆಯೇ ಸಾಯುತ್ತಿದ್ದವು. ಒಂದೇ ಕುಟುಂಬದವರಾಗಿದ್ದರೆ ಇಷ್ಟು ಭೇದ ಉಳಿಯುತ್ತಿರಲಿಲ್ಲ. ಜಗ್ಗದ ಹುಳುಗಳಲ್ಲಿ ಆದದ್ದೇನೆಂಬುದೂ ಈಗ ಗೊತ್ತಾಗಿದೆ: ವಿಷ ಒಡೆಯುವ ಕಿಣ್ವವೊಂದರ ಜೀನ್ ಎರಡಾಗಿ ನಕಲಾಯಿತು, ಒಂದು ಪ್ರತಿ ಹಳೆಯ ಕೆಲಸ ಮಾಡಿಕೊಂಡಿರಲು, ಇನ್ನೊಂದು ಅಲ್ಪಸ್ವಲ್ಪ ಮಾರ್ಪಟ್ಟು ಇಮಿಡಾಕ್ಲೋಪ್ರಿಡ್ಡನ್ನು ಮುರಿಯುವ ಹೊಸ ಕಸುಬು ಹಿಡಿಯಿತು. ಕ್ಯೂಶುವಿನ ರೈತ ಯಾವ ಔಷಧಿ ಹೊಡೆದರೆ ಫಲವಿದೆ ಎಂಬುದು ಕ್ಯೂಶುವಿನಲ್ಲಿ ತೀರ್ಮಾನವಾಗುವುದಲ್ಲ, ವಿಯೆಟ್ನಾಮಿನ ಕೆಂಪು ನದಿಯ ಮುಖಜಭೂಮಿಯಲ್ಲಿ ಆಗಿ ಹೋಗಿರುತ್ತದೆ.

ಇವೆಲ್ಲ ಸುತ್ತುಬಳಸಿನ ಸಾಕ್ಷಿಗಳು. ನೇರ ಸಾಕ್ಷಿ ಡಿಎನ್‌ಎ ಕೊಡಬೇಕಿತ್ತು. ಬಹುಕಾಲ ಅದು ಕೊಡಲಿಲ್ಲ.

1990ರ ದಶಕದಲ್ಲಿ ಕೊರಿಯಾದಿಂದ ಬಾಂಗ್ಲಾದೇಶದವರೆಗಿನ ಹುಳುಗಳಿಂದ ಮೈಟೊಕಾಂಡ್ರಿಯದ ಡಿಎನ್‌ಎ ತುಣುಕು ತೆಗೆದು ಓದಿದರು. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಈ ಡಿಎನ್‌ಎ ವಂಶದ ಜಾಡು ಹಿಡಿಯಲು ಹೇಳಿಮಾಡಿಸಿದ್ದು. ಆದರೆ ಅಷ್ಟು ದೇಶಗಳಲ್ಲಿ ಸಿಕ್ಕ ಬಗೆಗಳು ಬೆರಳೆಣಿಕೆಯವು, ಅವುಗಳಲ್ಲೊಂದು ಎಲ್ಲೆಲ್ಲೂ ಇತ್ತು. ಕೊರಿಯಾದ್ದಕ್ಕೂ ಚೀನಾದ್ದಕ್ಕೂ ನೆಂಟಸ್ತನವಿದೆ ಎನ್ನಬಹುದಿತ್ತೇ ಹೊರತು ಹೆಚ್ಚಿನದೇನೂ ಹೊರಡಲಿಲ್ಲ. ಇದಕ್ಕೆ ಕಾರಣವನ್ನು ಅಮೆರಿಕದ ತಳಿವಿಜ್ಞಾನಿ ಸ್ಯೂವಲ್ ರೈಟ್ 1930ರ ದಶಕದಲ್ಲೇ ಗಣಿತದಲ್ಲಿ ತೋರಿಸಿದ್ದ. ಎರಡು ಸಮುದಾಯಗಳ ನಡುವೆ ತಲೆಮಾರಿಗೆ ಒಂದೇ ಒಂದು ಜೀವಿ ಆಚೀಚೆ ಹೋಗಿ ಸಂಸಾರ ಹೂಡಿದರೂ ಸಾಕು, ಬರೀ ಆಕಸ್ಮಿಕದಿಂದ ಅವು ತೀರಾ ಬೇರೆಯಾಗಿಬಿಡುವುದು ತಪ್ಪುತ್ತದೆ. ಇಲ್ಲಿ ಹೋಗುತ್ತಿರುವುದು ಒಂದಲ್ಲ, ಆಕಾಶ ತುಂಬಿ ಕೋಟಿಗಟ್ಟಲೆ. ಒಂದೆರಡು ಜೀನುಗಳನ್ನು ನೋಡಿ ಭೇದ ಹುಡುಕಿದರೆ ಸಿಗುವುದಾದರೂ ಹೇಗೆ? ಬಸ್ಸಿನಲ್ಲಿ ಪಕ್ಕ ಕೂತವರು ‘ಹೌದು’ ಎಂದರೆ ಅವರ ಊರು ತಿಳಿಯುವುದಿಲ್ಲ. ಅರ್ಧ ಗಂಟೆ ಮಾತಾಡಿದರೆ ಧಾರವಾಡವೋ ಕುಂದಾಪುರವೋ ತಾನಾಗಿ ಗೊತ್ತಾಗುತ್ತದೆ. ಜೀನುಗಳ ವಿಷಯದಲ್ಲೂ ಅರ್ಧ ಗಂಟೆಯ ಮಾತು ಬೇಕಾಗಿತ್ತು.

ಅದಕ್ಕೆ ದಾರಿಯಾದದ್ದು 2014ರಲ್ಲಿ ಕಂದು ಜಿಗಿಹುಳುವಿನ ಪೂರ್ಣ ಜೀನೋಮ್ ಪ್ರಕಟವಾದಾಗ. ಸುಮಾರು 114 ಕೋಟಿ ಅಕ್ಷರಗಳ ಪುಸ್ತಕ ಅದು. ಹುಳು ತಿನ್ನುವ ಭತ್ತದ ಜೀನೋಮಿನ ಸುಮಾರು ಮೂರು ಪಟ್ಟು. ಆ ಪುಸ್ತಕವನ್ನು ಆಧಾರವಾಗಿಟ್ಟುಕೊಂಡು, ಆಸ್ಟ್ರೇಲಿಯಾ ಮತ್ತು ಚೀನಾದ ಸಂಶೋಧಕರ ತಂಡವೊಂದು ಏಷ್ಯಾದ ಉದ್ದಗಲದ ಹುಳುಗಳ ಇಡೀ ಜೀನೋಮುಗಳನ್ನು ಓದಿ 2020ರಲ್ಲಿ ಫಲಿತಾಂಶ ಕೊಟ್ಟಿತು. ಚೀನಾದ ಸಮಶೀತೋಷ್ಣ ಪ್ರದೇಶಕ್ಕೆ ಬರುವ ಹುಳುಗಳ ಮುಖ್ಯ ತವರು ಇಂಡೋಚೀನಾ. ಒಂದು ಕಾಲದಲ್ಲಿ ದೊಡ್ಡ ಮೂಲವೆಂದು ನಂಬಿದ್ದ ಫಿಲಿಪ್ಪೀನ್ಸಿನ ಪಾಲು ಗಣನೆಗೆ ಬಾರದಷ್ಟು. ಔಷಧಿಯ ವಿಷಯದಲ್ಲಿ ಅವೆರಡರ ದಾರಿ ಬೇರೆಯಾದದ್ದೇಕೆ ಎಂಬುದಕ್ಕೂ ಇದರಿಂದ ಉತ್ತರ ಸಿಕ್ಕಿತು. ಜೊತೆಗೆ ಯಾರೂ ಅಷ್ಟಾಗಿ ಎಣಿಸದಿದ್ದ ಇನ್ನೊಂದು ಸಂಗತಿ ಹೊರಬಂತು: ಚೀನಾಕ್ಕೆ ಪಶ್ಚಿಮದ ಕಡೆಯಿಂದಲೂ ಹುಳುಗಳು ಬಂದು ಸೇರುತ್ತಿರುವ ಗುರುತುಗಳಿದ್ದವು.

ದೇಶದ ಗಡಿಗಳಿಂದ ಈ ಹುಳುವನ್ನು ವಿಂಗಡಿಸಲಾಗದು ಎಂಬುದು ಸ್ಪಷ್ಟ. ಇನ್ನೊಂದು ವಿಂಗಡಣೆ ಬಹುಕಾಲ ಪಠ್ಯಪುಸ್ತಕಗಳಲ್ಲಿ ಮೆರೆದಿತ್ತು, ಜೈವಿಕ ಪ್ರಭೇದ ಒಂದು, ಎರಡು, ಮೂರು, ನಾಲ್ಕು ಎಂಬ ಅಂಕಿಗಳದ್ದು. ಅದರ ಕಥೆ ನಮ್ಮ ಮನೆಬಾಗಿಲಿನಿಂದಲೇ ಶುರುವಾಗುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಜಿಗಿಹುಳುವಿಗೆ ಬಗ್ಗದ ತಳಿಗಾಗಿ ಹುಡುಕಿದಾಗ ಭಾರತದ ‘ಮುಡ್ಗೊ’ ಎಂಬ ಭತ್ತದಲ್ಲಿ ಬಿಪಿಎಚ್1 ಸಿಕ್ಕಿತು, ತಮಿಳುನಾಡಿನ ಅಂಬಾಸಮುದ್ರದ ಎಎಸ್‌ಡಿ7ರಲ್ಲಿ ಎರಡನೆಯ ಜೀನ್ ಸಿಕ್ಕಿತು. ಮೊದಲನೆಯದನ್ನು ಹೊತ್ತ ಐಆರ್26 ತಳಿ 1973ರಲ್ಲಿ ಹೊರಬಂತು. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ವಿಯೆಟ್ನಾಂಗಳಲ್ಲಿ ಎರಡು ಮೂರು ವರ್ಷ ಹುಳುವಿನ ಸದ್ದಡಗಿತು, ಆಮೇಲೆ ಐಆರ್26 ಕೂಡ ಸುಟ್ಟುಹೋಗತೊಡಗಿತು. ಗೆದ್ದು ಬಂದ ಹುಳುಗಳಿಗೆ ‘ಎರಡನೆಯ ಪ್ರಭೇದ’ ಎಂದು ಹೆಸರಿಟ್ಟರು. ಅದೇ ತಳಿಗಳನ್ನು ಭಾರತದಲ್ಲಿ ಪರೀಕ್ಷಿಸಿದಾಗ ಅವು ಮೊದಲ ದಿನದಿಂದಲೇ ನೆಲಕಚ್ಚಿದವು. 1973-74ರಲ್ಲಿ ಕೇರಳದ ಕುಟ್ಟನಾಡಿನ ಗದ್ದೆಗಳನ್ನು ಬರಿದು ಮಾಡಿದ್ದ ಹುಳು ಇದೇ. ನಮ್ಮ ಭತ್ತದಿಂದಲೇ ಹೋದ ಜೀನುಗಳು ನಮ್ಮ ಹುಳುವಿನ ಮುಂದೆ ನಿಷ್ಫಲ! ತುಸು ಯೋಚಿಸಿದರೆ ಇದರಲ್ಲಿ ಅಚ್ಚರಿಯಿಲ್ಲ. ಆ ಜೀನುಗಳ ಜೊತೆ ಇಲ್ಲಿನ ಹುಳು ಎಷ್ಟೋ ಕಾಲದಿಂದ ಒಗತನ ಮಾಡಿಕೊಂಡು ಬಂದಿತ್ತು. ಮನಿಲಾದ ಹುಳುವಿಗೆ ಅವು ಅಪರಿಚಿತ. ದಕ್ಷಿಣ ಏಷ್ಯಾದ ಹುಳುವಿಗೆ ‘ನಾಲ್ಕನೆಯ ಪ್ರಭೇದ’ ಎಂಬ ಪಟ್ಟ ಸಿಕ್ಕಿತು. ಅದರ ಮುಂದೆಯೂ ನಿಂತ ಕೆಲವು ತಳಿಗಳಲ್ಲಿ ಕೇರಳದ ಪಟ್ಟಾಂಬಿಯ ಪಿಟಿಬಿ33 ಹೆಸರುವಾಸಿ. ಅದರಲ್ಲಿ ನಿರೋಧಕ ಜೀನ್ ಒಂದಲ್ಲ, ಹಲವು ಸೇರಿವೆ.

ಈ ಅಂಕಿಗಳ ವಿಂಗಡಣೆಯನ್ನು ಮೊದಲು ಬಲವಾಗಿ ಪ್ರಶ್ನಿಸಿದವರು ವೇಲ್ಸಿನ ಕಾರ್ಡಿಫ್‌ನ ಮೈಕೆಲ್ ಕ್ಲಾರಿಡ್ಜ್. ಒಂದನೆಯ ಪ್ರಭೇದ ಎಂದು ಕರೆದ ಗುಂಪಿನೊಳಗೇ ಎರಡನೆಯದರ ಗುಣವುಳ್ಳ ಹುಳುಗಳಿವೆ, ಒಂದನ್ನು ಬೇರೆ ತಳಿಯ ಮೇಲೆ ಸಾಕುತ್ತ ಹೋದರೆ ಕೆಲವೇ ತಲೆಮಾರುಗಳಲ್ಲಿ ಅದು ಇನ್ನೊಂದಾಗುತ್ತದೆ, ಹಾಗಿದ್ದಮೇಲೆ ಇವು ಜಾತಿಗಳೂ ಅಲ್ಲ, ಉಪಜಾತಿಗಳೂ ಅಲ್ಲ ಎಂದು ಅವರು ತೋರಿಸಿದರು. ನಿಜವಾದ ಭೇದವನ್ನು ಅವರು ಕಂಡದ್ದು ಬೇರೆಡೆ. ಜಿಗಿಹುಳುಗಳು ಹೊಟ್ಟೆ ಅದುರಿಸಿ ಪೈರಿನ ಕಾಂಡದ ಮೂಲಕ ಸಂಗಾತಿಯನ್ನು ಕರೆಯುತ್ತವೆ; ಆ ಕಂಪನ ನಮ್ಮ ಕಿವಿಗೆ ಬೀಳದು. ಏಷ್ಯಾದ ಹುಳುವಿನ ಮಿಡಿತದ ಲಯವೇ ಬೇರೆ, ಆಸ್ಟ್ರೇಲಿಯಾದ್ದೇ ಬೇರೆ. ಫಿಲಿಪ್ಪೀನ್ಸಿನ ಗದ್ದೆಬದುವಿನ ಒಂದು ಕಳೆಹುಲ್ಲಿನ ಮೇಲೆ ಬದುಕುವ, ನೋಡಲು ಒಂದೇ ತೆರನಾದ ಹುಳುವಿನ ಲಯವೂ ಭತ್ತದ ಹುಳುವಿಗೆ ಒಪ್ಪಿಗೆಯಾಗದು. ಪಕ್ಕಪಕ್ಕದಲ್ಲಿ ಇದ್ದೂ ಅವು ಕೂಡುವುದು ಅಪರೂಪ. ಸಾವಿರ ಮೈಲಿಗೂ ಹೆಚ್ಚು ದೂರದ ಹನೋಯ್ ಮತ್ತು ನಾಗಸಾಕಿಯ ಹುಳುಗಳು ಒಂದೇ ಮನೆಯವು, ಒಂದು ಬದುವಿನ ಆಚೀಚೆಯವು ಪರಕೀಯರು.

ಕರ್ನಾಟಕದ ವಿಷಯಕ್ಕೆ ಬಂದರೆ ಚಿತ್ರ ಮತ್ತೊಂದು ಬಗೆಯದು. ಗಂಗಾವತಿ, ಕತ್ತಲಗೆರೆ, ಕೊಳ್ಳೇಗಾಲ, ಮಂಡ್ಯ, ಸೊರಬ, ಈ ಐದು ಕಡೆಯ ಕಂದು ಜಿಗಿಹುಳುಗಳ ಮೇಲೆ ಬೇರೆಬೇರೆ ಔಷಧಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಗಂಗಾವತಿ, ಕತ್ತಲಗೆರೆಯ ಹುಳುಗಳು ಗಟ್ಟಿ. ಸೊರಬ, ಮಂಡ್ಯದವು ಸುಲಭಕ್ಕೆ ಸಾಯುವಂಥವು. ಕ್ಲೋರ್‌ಪೈರಿಫಾಸ್, ಇಮಿಡಾಕ್ಲೋಪ್ರಿಡ್ ಎರಡರಲ್ಲೂ ಕಡೆ-ಕಡೆಯ ಊರುಗಳ ನಡುವಿನ ಅಂತರ ಹತ್ತು ಪಟ್ಟನ್ನು ಮೀರಿತ್ತು. ಗಂಗಾವತಿಯಿಂದ ಸೊರಬಕ್ಕೆ ನೇರ ಗೆರೆಯಲ್ಲಿ ಸುಮಾರು 200 ಕಿಲೋಮೀಟರ್. ಸಮುದ್ರ ದಾಟುವ ಹುಳುವಿಗೆ ಇದು ಒಂದು ರಾತ್ರಿಯ ಹಾದಿ. ಹಾಗಿದ್ದೂ ಈ ಭೇದ ಉಳಿದಿದೆ.

ಹಾರಬಲ್ಲದ್ದು ಬೇರೆ, ಹಾರಿ ಹೋಗುವುದು ಬೇರೆ. 1980ರ ದಶಕದಲ್ಲಿ ರೈಲಿಯವರ ರೇಡಾರ್ ಫಿಲಿಪ್ಪೀನ್ಸಿನಲ್ಲೂ ನಿಂತಿತ್ತು. ಅಲ್ಲಿನ ಬೇಸಿಗೆಯಲ್ಲಿ ಮುಸ್ಸಂಜೆಗೆ ಎದ್ದ ಹುಳುಗಳಲ್ಲಿ ಹೆಚ್ಚಿನವು ಅರ್ಧ ಗಂಟೆಯ ಆಸುಪಾಸಿನಲ್ಲೇ ಕೆಳಗಿಳಿದವು, ಬಹುದೂರ ಹೋದವು ಕೆಲವೇ. ಪಕ್ಕದಲ್ಲೇ ಹಸಿರು ಗದ್ದೆಯಿರುವ ಉಷ್ಣವಲಯದಲ್ಲಿ ಇಷ್ಟೇ ಸಾಕಾಗುತ್ತದೆ. ತುಂಗಭದ್ರೆಯ ಅಚ್ಚುಕಟ್ಟಿನಲ್ಲೂ ಹಾಗೆಯೇ ಅಲ್ಲವೇ? ಕಾಲುವೆಗೆ ನೀರು ಸಿಕ್ಕ ವರ್ಷ ಮುಂಗಾರಿನ ಕೊಯ್ಲು ಮುಗಿಯುವಷ್ಟರಲ್ಲಿ ಬೇಸಿಗೆ ಬೆಳೆಯ ಸಸಿಮಡಿ ಎದ್ದಿರುತ್ತದೆ, ಎರಡು ಬೆಳೆಗೂ ಯೂರಿಯಾ ಧಾರಾಳ, ಜಿಗಿಹುಳುವಿಗೆ ಪ್ರಿಯವಾದ ಸೋನಾ ಮಸೂರಿಯೇ ಎತ್ತ ನೋಡಿದರತ್ತ. ಔಷಧಿ ತಡೆದುಕೊಂಡ ಹುಳುವಿನ ಮಕ್ಕಳು ಅದೇ ಅಚ್ಚುಕಟ್ಟಿನ ಮುಂದಿನ ಬೆಳೆಯ ಮೇಲೆ ಇಳಿಯುತ್ತವೆ, ಅಲ್ಲಿ ಮತ್ತೆ ಅದೇ ಔಷಧಿ ಬೀಳುತ್ತದೆ. ಸೊರಬದಲ್ಲಿ ಮಳೆಯಾಶ್ರಯದ ಒಂದು ಬೆಳೆ, ಆಮೇಲೆ ತಿಂಗಳುಗಟ್ಟಲೆ ಬೀಳುಗದ್ದೆ. ಕ್ಯೂಶುವಿನ ರೈತ ತನ್ನ ಹುಳುವಿನ ಗುಣವನ್ನು ಪರದೇಶದ ಲೆಕ್ಕಕ್ಕೆ ಬರೆಯಬಹುದು. ಗಂಗಾವತಿಯ ಹುಳು ಬಹುಮಟ್ಟಿಗೆ ಗಂಗಾವತಿಯದೇ.